ಚಳಿಗಾಲದ ಊರಿಗೆ ಚಳಿಗಾಲದಲ್ಲೇ ಹೋಗಬೇಕು

ಜನವರಿಯಲ್ಲಿ ಟರ್ಕಿಗೆ ಹೊರಟಿದ್ದೇನೆ ಅಂದರೆ ಸಾಕು, "ಆ ಚಳಿಯಲ್ಲಿ ಏನ್ ನೋಡ್ತೀರಿ?" ಎಂದು ಕೇಳುವವರೇ ಜಾಸ್ತಿ. ಬೇರೆ ಊರುಗಳ ಮಾತು ಬಿಡಿ, ಸಫ್ರಾನ್‌ಬೋಲುವಿಗಂತೂ ಚಳಿಯಲ್ಲೇ ಹೋಗಬೇಕು. ಅಲ್ಲಿನ ಹಳೇ ಪೇಟೆ ಇರುವುದೇ ಚಳಿಗಾಲಕ್ಕೆ.

ಅಂಕಾರಾದಿಂದ ಉತ್ತರಕ್ಕೆ, ಬಸ್ಸಿನಲ್ಲಿ ಸುಮಾರು ಮೂರು ಗಂಟೆಯ ದಾರಿ. ಹಿಂದೆ ಇಲ್ಲಿನ ಅನುಕೂಲಸ್ಥರಿಗೆ ಎರಡೆರಡು ಮನೆ. ಗಾಳಿ ಬೀಸದ ಕಣಿವೆಯೊಳಗೆ, ಚಾರ್ಶಿ ಎಂಬ ಹಳೇ ಪೇಟೆಯಲ್ಲಿ, ಚಳಿಗಾಲದ ಮನೆ. ಮೇಲೆ ಬಾಲಾರ್‌ನ ತೋಟಗಳ ನಡುವೆ ಬೇಸಿಗೆ ಮನೆ. ಬಿಸಿಲು ಏರಿದಂತೆ ಸಂಸಾರ ಸಮೇತ ಮೇಲೆ ಹೋಗುವುದು, ಚಳಿ ಬಿದ್ದಾಗ ಕೆಳಗಿಳಿಯುವುದು. ಯುನೆಸ್ಕೊ 1994ರಲ್ಲಿ ಊರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಮೇಲೆ ಬೇಸಿಗೆಯಲ್ಲಿ ಪ್ರವಾಸಿಗರು ಬಂದು ತುಂಬುವುದು ಈ ಕಣಿವೆಯನ್ನೇ. ಮನೆಯವರು ಬಿಟ್ಟು ಹೋಗುತ್ತಿದ್ದ ಕಾಲಕ್ಕೆ ನೆಂಟರು ಬಂದ ಹಾಗೆ!

ಓಣಿಗಳು ಒಂದೂ ನೇರ ಇಲ್ಲ. ಉರುಟು ಕಲ್ಲಿನ ಹಾಸು, ಮೇಲೆ ತೆಳ್ಳಗೆ ಹಿಮ. ಕಣ್ಣು ಕಾಲಿನ ಮೇಲೇ ಇರಬೇಕು. ಮೇಲೆ ನೋಡಬೇಕೆಂದರೆ ಗೋಡೆ ಹಿಡಿದು ನಿಲ್ಲಬೇಕು. ಹಾಗೆ ನಿಂತಾಗಲೇ ಮನೆ ಕಟ್ಟಿದವರ ಜಾಣತನ ಕಾಣುವುದು. ಕೆಳಗಿನ ಕಲ್ಲಿನ ಗೋಡೆ ಓಣಿ ಬಳುಕಿದ ಹಾಗೆ ಬಳುಕಿದೆ. ಮೇಲಿನ ಅಂತಸ್ತು ಮಾತ್ರ ಮರದ ಆಸರೆಯ ಮೇಲೆ ಓಣಿಗೆ ಚಾಚಿಕೊಂಡು, ಒಳಗಿನ ಕೋಣೆಯನ್ನು ಚೌಕವಾಗಿ ಇಟ್ಟುಕೊಂಡಿದೆ. ರಸ್ತೆಯ ಸೊಟ್ಟ ಕೆಳಗಡೆಯೇ ಮುಗಿಯಿತು. ಚಾಚಿದ ಭಾಗದ ಅಡಿಯಲ್ಲಿ ಹಿಮ ಬೀಳುವುದಿಲ್ಲ, ನಡೆಯುವವರಿಗೂ ಲಾಭ.

ಮ್ಯೂಸಿಯಂ ಆಗಿರುವ ಕಾಯ್ಮಕಾಮ್ಲಾರ್ ಮನೆಗೆ ಹೋದರೆ ಗೋಡೆಯ ಮರದ ಕಪಾಟುಗಳನ್ನು ಸುಮ್ನೆ ದಾಟಿ ಹೋಗಬೇಡಿ. ಈ ಊರಿನ ಮನೆಗಳಲ್ಲಿ ಒಂದು ಬಾಗಿಲು ತೆಗೆದರೆ ಹಾಸಿಗೆ, ಪಕ್ಕದ್ದು ತೆಗೆದರೆ ಬಚ್ಚಲು! ಒಬ್ಬರು ಕೂತು ಮೈಮೇಲೆ ನೀರು ಸುರಿದುಕೊಳ್ಳುವಷ್ಟೇ ಜಾಗ. ಕೋಣೆಯ ಒಲೆ ಪಕ್ಕದಲ್ಲೇ. ಹೊರಗೆ ಹಿಮ ಬೀಳುವಾಗ ಹಿತ್ತಲಿನ ಬಚ್ಚಲಿಗೆ ಯಾರು ಓಡುತ್ತಾರೆ? ಇನ್ನೊಂದು ಕಪಾಟು ಗೋಡೆಯೊಳಗೇ ತಿರುಗುತ್ತದೆ. ಹೆಂಗಸರ ಕಡೆಯಿಂದ ಊಟ ಇಟ್ಟು ತಿರುಗಿಸಿದರೆ ಗಂಡಸರ ಕಡೆ ತಟ್ಟೆ ಹಾಜರು, ಮುಖ ಯಾರಿಗೂ ಕಾಣದು. ಗಂಡಸರು ಖಾಲಿ ತಟ್ಟೆಯನ್ನಾದರೂ ತಿರುಗಿಸಿ ಕಳಿಸುತ್ತಿದ್ದರೋ ಇಲ್ಲವೋ, ನನಗೆ ಅನುಮಾನ.

ಚಳಿಯಲ್ಲಿ ನಡೆಯುವುದೆಂದರೆ ಅರ್ಧ ನಡಿಗೆ, ಅರ್ಧ ಒಳಗೆ ನುಗ್ಗುವುದು. ಮೂಗು ಮರಗಟ್ಟಿತು ಅನ್ನುವಾಗ ಯಾವುದಾದರೂ ಬಾಗಿಲು ತಳ್ಳಬೇಕು. ಹಿಂದೆ ಚಪ್ಪಲಿ ಹೊಲಿಯುವವರು ಕೂರುತ್ತಿದ್ದ ಸಾಲು ಪೇಟೆಯಲ್ಲಿ ಈಗ ನೆನಪಿನ ಸಾಮಾನು, ಚಹಾ ಮಾರುತ್ತಾರೆ. ಸೊಂಟ ಸಣ್ಣಗಿನ ಗಾಜಿನ ಲೋಟದಲ್ಲಿ ಹಾಲಿಲ್ಲದ ಚಹಾ ಬರುತ್ತದೆ. ನಮ್ಮವರಿಗೆ ಮೊದಲ ಗುಟುಕು ಸ್ವಲ್ಪ ಕಷ್ಟ. ಆಗ ಸಾಲೆಪ್ ಕೇಳಿ. ಆರ್ಕಿಡ್ ಗಡ್ಡೆಯ ಹಿಟ್ಟನ್ನು ಹಾಲಿನಲ್ಲಿ ಕಾಯಿಸಿ, ಮೇಲೆ ದಾಲ್ಚಿನ್ನಿ ಉದುರಿಸಿದ ಗಟ್ಟಿ ಪಾನೀಯ. ಪಕ್ಕದ ಅಂಗಡಿಯವರು ಕೇಸರಿ ಹಾಕಿದ ಲೋಕುಮ್ ಎಂಬ ಮೆತ್ತನೆ ಮಿಠಾಯಿಯ ತುಂಡನ್ನು ಕೈಗೇ ಇಡುತ್ತಾರೆ. ಊರಿಗೆ ಹೆಸರು ಕೊಟ್ಟದ್ದೇ ಈ ಕೇಸರಿ. ಒಂದು ಗ್ರಾಂಗೆ ನೂರಕ್ಕೂ ಹೆಚ್ಚು ಹೂವು ಬೇಕು ಎಂದು ಗೊತ್ತಾದ ಮೇಲೆ ಬೆಲೆಯ ಬಗ್ಗೆ ಚೌಕಾಸಿ ಮಾಡಲು ನಾಲಿಗೆ ಏಳಲಿಲ್ಲ.

ಹಿಡಿರ್ಲಿಕ್ ಗುಡ್ಡ ಹತ್ತಿದರೆ ಇಡೀ ಚಾರ್ಶಿ ಕಾಣುತ್ತದೆ. 1645ರ ಜಿಂಜಿ ಛತ್ರದ ಕಲ್ಲಿನ ಗೋಡೆ, ಹಮಾಮಿನ, ಅಂದರೆ ಸಾರ್ವಜನಿಕ ಸ್ನಾನಗೃಹದ, ಗುಮ್ಮಟಗಳು, ಹೊಗೆ ಬಿಡುವ ಚಿಮಣಿಗಳು. ಚಂದವೇ. ಆದರೆ ನನಗೆ ಬಾಲಾರ್ ನೋಡುವ ಹಟ. ಏದುಸಿರು ಬಿಡುತ್ತಾ ಹೋದೆ. ಬೋಳು ಮರಗಳು, ಮುಚ್ಚಿದ ಕಿಟಕಿಗಳು, ಕಿವಿ ಕಿತ್ತುಹೋಗುವ ಗಾಳಿ. ಬೀದಿಯಲ್ಲಿ ಇದ್ದದ್ದು ಒಂದು ಬೆಕ್ಕು, ಅದಕ್ಕೂ ಅವಸರ. ಕಣಿವೆಗಿಳಿದು ಬೇಳೆ ಸೂಪಿಗೆ ನಿಂಬೆ ಹಿಂಡಿಕೊಂಡೆ. ಸಂಜೆವರೆಗೆ ಆ ಹೋಟೆಲಿನ ಒಲೆ ಬಿಟ್ಟು ಕದಲಲಿಲ್ಲ.