ಹಂದಿ ಹೆದರುತ್ತದಾ?

ಕಾರ್ಕಳದ ಕಡೆ ತೋಟ ಮಾಡಿಕೊಂಡಿರುವ ನಮ್ಮ ಮಾವನ ಹತ್ತಿರ ಒಂದು ಒಂಟಿ ನಳಿಗೆಯ ಕೋವಿ ಉಂಟು. ಬೆಳೆ ರಕ್ಷಣೆಯ ಲೈಸನ್ಸಿನದ್ದು. ಅದು ತೋಟದಲ್ಲಿ ಇದ್ದದ್ದಕ್ಕಿಂತ ಪೊಲೀಸ್ ಠಾಣೆಯಲ್ಲಿ ಇದ್ದದ್ದೇ ಜಾಸ್ತಿ ಅಂತ ಮಾವನ ಗೊಣಗಾಟ. 2023ರಲ್ಲಿ ವಿಧಾನಸಭೆ ಚುನಾವಣೆ ಬಂತು, ಕೋವಿ ಠಾಣೆಗೆ ಹೋಯಿತು. 2024ರಲ್ಲಿ ಲೋಕಸಭೆ ಬಂತು, ಮತ್ತೆ ಹೋಯಿತು. ನೀತಿ ಸಂಹಿತೆ ಯಾವತ್ತು ಜಾರಿಯಾಗುತ್ತದೆ ಎಂದು ನಮಗಿಂತ ಮೊದಲು ಕಾಡುಹಂದಿಗಳಿಗೆ ಗೊತ್ತಾಗುತ್ತದಂತೆ. ಅದೇ ರಾತ್ರಿ ಬಾಳೆ ಬುಡಕ್ಕೆ ಹಾಜರು.

ಮೊನ್ನೆ ಉಡುಪಿಯಿಂದ ಹೋದವನು ಸುಮ್ನೆ ಇರಲಾರದೆ ಅವರಿಗೆ ಮೊಬೈಲಿನಲ್ಲಿ ಒಂದು ಜೋಡಿ ಪಿಸ್ತೂಲು ತೋರಿಸಿದೆ. ಅಮೆರಿಕದ ಪೆನ್ಸಿಲ್ವೇನಿಯಾದ ಕ್ಯಾಬಟ್ ಎಂಬ ಕಂಪನಿ 2016ರಲ್ಲಿ ಮಾಡಿದ್ದು. ಹೇಳಿದ ಬೆಲೆ 45 ಲಕ್ಷ ಡಾಲರ್. ಆಗಿನ ಲೆಕ್ಕದಲ್ಲೇ ಸುಮಾರು 30 ಕೋಟಿ ರೂಪಾಯಿ.

"ಎಂತದಕ್ಕೆ ಮಾರಾಯ ಅಷ್ಟು?"

"ಉಲ್ಕೆಯಿಂದ ಮಾಡಿದ್ದು ಮಾವ. 400 ಕೋಟಿ ವರ್ಷ ಹಳೆಯ ಕಬ್ಬಿಣ. ಆಕಾಶದಿಂದ ಬಿದ್ದದ್ದು."

"ಬಿದ್ದದ್ದಾ? ಹಾಗಾದರೆ ಪುಕ್ಕಟೆ ಅಲ್ವಾ?"

ಆ ಕಬ್ಬಿಣಕ್ಕೆ ಆಮ್ಲ ತಾಗಿಸಿದರೆ ಓಲೆ ಚಾಪೆ ಹೆಣೆದ ಹಾಗೆ ಗೆರೆಗಳು ಏಳುತ್ತವೆ, ಲಕ್ಷಾಂತರ ವರ್ಷ ನಿಧಾನವಾಗಿ ತಣಿದರೆ ಮಾತ್ರ ಹಾಗಾಗುತ್ತದೆ ಎಂದು ವಿವರಿಸಿದೆ. ಅದು ನಿಜಕ್ಕೂ ಚಂದವೇ. ಮಾವ ಗೆರೆ ನೋಡಲಿಲ್ಲ. "ಈಡು ಎಷ್ಟು ದೂರ ಹೋಗುತ್ತದೆ?" ಎಂದು ಕೇಳಿದರು.

"ಇದೆಲ್ಲ ಹಾರಿಸುವುದಕ್ಕಲ್ಲ ಮಾವ. ಹಾರಿಸಿದರೆ ಬೆಲೆ ಇಳಿಯುತ್ತದೆ."

"ಓ, ಹಾಗಾದರೆ ನನ್ನದರ ಹಾಗೆಯೇ" ಎಂದು ಎಲೆಗೆ ಸುಣ್ಣ ಹಚ್ಚಿದರು.

ಲಂಡನ್ನಿನಲ್ಲಿ 1814ರಿಂದ ಪರ್ಡಿ ಎಂಬ ಕಂಪನಿ ಉಂಟು. ಅಲ್ಲಿ ಕೋವಿ ಬೇಕಾದರೆ ಮೊದಲು ನಿಮ್ಮ ಅಳತೆ ತೆಗೆಯುತ್ತಾರೆ. ಭುಜ, ತೋಳು, ಕಣ್ಣಿನ ನೇರ, ಎಲ್ಲ. ಆಮೇಲೆ ವಾಲ್‌ನಟ್ ಮರದ ತುಂಡು ಆರಿಸಬೇಕು. ಆಮೇಲೆ ವರ್ಷಗಟ್ಟಲೆ ಕಾಯಬೇಕು. ನಮ್ಮ ಟೈಲರ್ ಮದುವೆಯ ಹಿಂದಿನ ರಾತ್ರಿಯವರೆಗೆ ಬ್ಲೌಸ್ ಕೊಡದಿದ್ದರೆ ಬೈಸಿಕೊಳ್ಳುತ್ತಾನೆ. ಅದೇ ಕೆಲಸಕ್ಕೆ ಲಂಡನ್ನಿನಲ್ಲಿ ಪರಂಪರೆ ಎನ್ನುತ್ತಾರೆ.

ಮಂಗಳೂರಿನ ದುಡ್ಡಿದ್ದವರು ಇನ್ನೂ ಫ್ಯಾನ್ಸಿ ನಂಬರಿನ ಕಾರು, ಮುಂಗೈ ಭಾರದ ವಾಚು, ಕ್ರೇನಿನಲ್ಲಿ ಇಳಿದು ಬರುವ ಮದುಮಕ್ಕಳು, ಇಷ್ಟರಲ್ಲೇ ನಿಂತಿದ್ದಾರೆ. ಯಾರಾದರೊಬ್ಬರು ಆ ಉಲ್ಕೆಯ ಜೋಡಿಯನ್ನು ತಂದರು ಅಂತ ಇಟ್ಟುಕೊಳ್ಳಿ. ನಮ್ಮ ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಬಂದೂಕು. ಮೊದಲು ಮೂರಿತ್ತು. ಅಲ್ಲಿಗೆ ಅವರ ಕೋಟಾ ಖತಂ. ಅಜ್ಜ ಬಿಟ್ಟುಹೋದ ಕೋವಿ ಇದ್ದರೆ ಅದನ್ನು ಒಪ್ಪಿಸಬೇಕು.

ಅಷ್ಟರಲ್ಲಿ ಚುನಾವಣೆ ಬರುತ್ತದೆ. ನಮ್ಮಲ್ಲಿ ಅದಕ್ಕೇನು ಬರಗಾಲವೇ? 30 ಕೋಟಿಯ ಜೋಡಿ ಮಖಮಲ್ ಪೆಟ್ಟಿಗೆಯಲ್ಲಿ ಠಾಣೆಯ ಮೆಟ್ಟಿಲು ಹತ್ತುತ್ತದೆ. ಸಾಲಿನಲ್ಲಿ ಮುಂದೆ ಮಾವ, ಕೋವಿಯನ್ನು ಗೋಣಿಯಲ್ಲಿ ಸುತ್ತಿಕೊಂಡು. ರೈಟರ್ ಪುಸ್ತಕ ತೆರೆಯುತ್ತಾರೆ. ಪಿಸ್ತೂಲು, ಎರಡು. ಯಾವ ಕಾಲದ್ದು? 400 ಕೋಟಿ ವರ್ಷದ್ದು ಸಾರ್. ಅವರು ತಲೆ ಎತ್ತದೆ ಬರೆಯುತ್ತಾರೆ: 'ಸ್ಥಿತಿ: ಹಳೇದು.' ಹಗ್ಗದಲ್ಲಿ ಚೀಟಿ ಕಟ್ಟಿ ಮಾವನ ಕೋವಿಯ ಪಕ್ಕಕ್ಕೆ ಒರಗಿಸುತ್ತಾರೆ.

ಮತ್ತೆ ನಮ್ಮ ಮಳೆಗಾಲ. ಬಾಹ್ಯಾಕಾಶದಿಂದ ಬಂದರೂ ಕಬ್ಬಿಣ ಕಬ್ಬಿಣವೇ, ಥಂಡಿಗೆ ತುಕ್ಕು ಹಿಡಿಯುತ್ತದೆ. ಇಲ್ಲಿ ವರ್ಷಕ್ಕೆ ಸುಮಾರು 4 ಮೀಟರ್ ಮಳೆ, ಮೇಲಿಂದ ಉಪ್ಪು ಗಾಳಿ. ಕಪಾಟಿನಲ್ಲಿಟ್ಟ ಚರ್ಮದ ಬೆಲ್ಟಿಗೇ ಆಟಿ ತಿಂಗಳಲ್ಲಿ ಬೂಷ್ಟು ಬರುತ್ತದೆ. ಮಾವನಾದರೆ ಎಣ್ಣೆ ಹಚ್ಚಿ ಒರೆಸುತ್ತಾರೆ. ಗೆರೆ ಹಾಳಾಗುವ ಚಿಂತೆ ಅವರಿಗಿಲ್ಲ.

ನಾನು ಇದನ್ನೆಲ್ಲ ಹೇಳಿ ನಗುತ್ತಿದ್ದೆ. ಮಾವ ನಗಲಿಲ್ಲ. ಏನೋ ಲೆಕ್ಕ ಹಾಕುತ್ತಿದ್ದರು.

"ಆ ಕಲ್ಲು ಎಲ್ಲಿ ಬಿದ್ದದ್ದು?"

"ಆಫ್ರಿಕಾದಲ್ಲಿ. ನಮೀಬಿಯಾ ಅಂತ."

"ಬೀಳುವಾಗ ದೊಡ್ಡ ಶಬ್ದ ಆಗಿರಬೇಕಲ್ಲ?"

"ಆಗಿರಬಹುದು."

"ಅಷ್ಟೇ ಸಾಕಿತ್ತು ಮಾರಾಯ, ಹಂದಿಗೆ."