ಗಂಡನ ವೀರ್ಯಾಣು ಕೌಂಟ್ ನಾರ್ಮಲ್ ಅಂದಮೇಲೂ ಒಂದು ಪರೀಕ್ಷೆ ಬಾಕಿ ಇದೆ

ಐವಿಎಫ್ (ಲ್ಯಾಬಿನಲ್ಲಿ ಅಂಡ, ವೀರ್ಯಾಣು ಕೂಡಿಸಿ ಭ್ರೂಣ ಮಾಡುವ ಚಿಕಿತ್ಸೆ) ಎರಡು ಸಲ ಫೇಲಾಯಿತು ಅಂದರೆ ನಮ್ಮ ದಾವಣಗೆರೆ ಕಡೆ ಮನೆಮಂದಿಯೆಲ್ಲ ತಿರುಗಿ ನೋಡುವುದು ಸೊಸೆಯನ್ನೇ. ಗರ್ಭಕೋಶ ಸರಿಯಿಲ್ಲ, ರೆಸ್ಟ್ ತಗೊಳ್ಳಲಿಲ್ಲ, ಮೆಟ್ಟಿಲು ಹತ್ತಿದಳು. ಗಂಡನ ಫೈಲಿನಲ್ಲಿ ಇರುವುದು ಒಂದೇ ಹಾಳೆ, 'ಕೌಂಟ್ ನಾರ್ಮಲ್'. ಅದೊಂದನ್ನು ನೋಡಿ ಅವನ ಕಡೆಯ ತಪಾಸಣೆ ಮುಗಿಸುವುದು ಆ ಹೆಣ್ಣುಮಗಳಿಗೆ ಮಾಡುವ ಅನ್ಯಾಯ.

ಮಾಮೂಲಿ ವೀರ್ಯ ಪರೀಕ್ಷೆ ಹೇಳುವುದು ವೀರ್ಯಾಣುಗಳು ಎಷ್ಟಿವೆ, ಎಷ್ಟು ಚಲಿಸುತ್ತವೆ, ಆಕಾರ ಹೇಗಿದೆ ಎಂಬುದನ್ನು ಮಾತ್ರ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಕೆಳಗಿನ ಮಿತಿ ಮಿಲಿಲೀಟರಿಗೆ 1.6 ಕೋಟಿ, ಚಲನೆ ಶೇ. 42, ಸರಿಯಾದ ಆಕಾರ ಶೇ. 4. ಇಷ್ಟೆಲ್ಲ ಇದ್ದೂ ವೀರ್ಯಾಣುವಿನ ತಲೆಯೊಳಗಿನ ಡಿಎನ್‌ಎ ತುಂಡಾಗಿರಬಹುದು. ಬಲಿತ ವೀರ್ಯಾಣುವಿಗೆ ಅದನ್ನು ತಾನೇ ಸರಿಮಾಡಿಕೊಳ್ಳುವ ಶಕ್ತಿ ಇಲ್ಲವೆಂದೇ ಹೇಳಬೇಕು. ಆ ಕೆಲಸ ಅಂಡದ ಮೇಲೆ ಬೀಳುತ್ತದೆ. 25ರ ಹೆಂಗಸಿನ ಅಂಡ ಒಂದಷ್ಟು ರಿಪೇರಿ ಮಾಡೀತು, 39ರಲ್ಲಿ ಕಷ್ಟ.

ಲ್ಯಾಬಿನಲ್ಲಿ ಇದು ಕಾಣಿಸಿಕೊಳ್ಳುವ ರೀತಿ ಗಮನಿಸಿ. ಮೊದಲ ಮೂರು ದಿನ ಭ್ರೂಣ ಹೆಚ್ಚಾಗಿ ಅಂಡ ಕೂಡಿಟ್ಟ ಬುತ್ತಿಯ ಮೇಲೆ ನಡೆಯುತ್ತದೆ. ನಾಲ್ಕರಿಂದ ಎಂಟು ಕೋಶದ ಹಂತದಲ್ಲಿ ಭ್ರೂಣದ ಸ್ವಂತ ಜೀನುಗಳು, ತಂದೆಯವೂ ಸೇರಿ, ಕೆಲಸ ಶುರು ಮಾಡುತ್ತವೆ. ಮೂರನೇ ದಿನ 'ಎ ಗ್ರೇಡ್' ಅನಿಸಿಕೊಂಡ ಭ್ರೂಣಗಳು ಐದನೇ ದಿನಕ್ಕೆ ಬ್ಲಾಸ್ಟೊಸಿಸ್ಟ್ (ಗರ್ಭಕೋಶಕ್ಕೆ ಅಂಟಲು ಸಿದ್ಧವಾಗುವ ಹಂತ) ಆಗದೆ ಸಾಲಾಗಿ ನಿಂತುಹೋದರೆ ಗಂಡನನ್ನೂ ತಪಾಸಣೆ ಮಾಡಿಸಲೇಬೇಕು. ಇಕ್ಸಿ (ಒಂದೇ ವೀರ್ಯಾಣುವನ್ನು ಆರಿಸಿ ಸೂಜಿಯಿಂದ ಅಂಡದೊಳಗೆ ಬಿಡುವುದು) ಮಾಡಿಸಿದ್ದೇವಲ್ಲ ಎನ್ನುವುದು ಉತ್ತರವಲ್ಲ; ಸೂಜಿಯಿಂದ ಆರಿಸುವವರಿಗೆ ಆಕಾರ, ಚಲನೆ ಕಾಣುತ್ತದೆ, ಮುರಿದ ಡಿಎನ್‌ಎ ಕಾಣುವುದಿಲ್ಲ. ಹಾನಿ ಹೆಚ್ಚಿದ್ದಲ್ಲಿ ಗರ್ಭಪಾತದ ಸಾಧ್ಯತೆ ಸುಮಾರು ಇಮ್ಮಡಿ ಎಂದು 2012ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು ತೋರಿಸಿತು.

ಕೇಳಬೇಕಾದ ಪರೀಕ್ಷೆಯ ಹೆಸರು ಡಿಎಫ್‌ಐ, ಅಂದರೆ ನೂರರಲ್ಲಿ ಎಷ್ಟು ವೀರ್ಯಾಣುಗಳ ಡಿಎನ್‌ಎ ತುಂಡಾಗಿದೆ ಎಂಬ ಲೆಕ್ಕ. ಒಂದು ವಿಧಾನದಲ್ಲಿ ವೀರ್ಯಾಣುಗಳನ್ನು ಅಗರೋಸ್ ಜೆಲ್‌ನಲ್ಲಿ ಕೂರಿಸಿ, ಆಸಿಡ್ ಹಾಕಿ, ಪ್ರೋಟೀನ್ ಕಳಚುತ್ತಾರೆ. ಡಿಎನ್‌ಎ ಗಟ್ಟಿಯಿದ್ದರೆ ತಲೆಯ ಸುತ್ತ ಅಗಲವಾದ ಪ್ರಭೆ ಹರಡುತ್ತದೆ, ತುಂಡಾಗಿದ್ದರೆ ಪ್ರಭೆ ಕಿರಿದಾಗಿರುತ್ತದೆ ಅಥವಾ ಇರುವುದೇ ಇಲ್ಲ. ಸಾಮಾನ್ಯವಾಗಿ ಶೇ. 15ರೊಳಗೆ ಒಳ್ಳೆಯದು, 30 ದಾಟಿದರೆ ಹೆಚ್ಚು. ಆದರೆ ಒಂದು ವಿಧಾನದ ಅಂಕಿ ಇನ್ನೊಂದಕ್ಕೆ ತಾಳೆಯಾಗದು. ಮರುಪರೀಕ್ಷೆ ಅದೇ ಲ್ಯಾಬಿನಲ್ಲಿ, ಅದೇ ವಿಧಾನದಲ್ಲೇ ಮಾಡಿಸಿ. ಹಿಂದಿನ ಸ್ಖಲನಕ್ಕೂ ಸ್ಯಾಂಪಲ್‌ಗೂ 2ರಿಂದ 5 ದಿನದ ಅಂತರ ಸಾಕು. ಹದಿನೈದು ದಿನ ತಡೆದು ಕೊಟ್ಟರೆ ಕೌಂಟ್ ಜೊತೆ ಹಾನಿಯೂ ಏರುತ್ತದೆ. ಡೆಂಗಿ, ಟೈಫಾಯ್ಡ್‌ನಂಥ ಜ್ವರ ಬಂದಿದ್ದರೆ ಮೂರು ತಿಂಗಳು ಬಿಟ್ಟು ಕೊಡಿ. ಮದುವೆಯಾಗಿ ಆರು ತಿಂಗಳಾದವರಿಗೆಲ್ಲ ಈ ಪರೀಕ್ಷೆ ಬರೆಯುವುದನ್ನು ನಾನು ಒಪ್ಪುವುದಿಲ್ಲ. ಪದೇಪದೇ ಗರ್ಭಪಾತ, ಫೇಲಾದ ಐವಿಎಫ್, ವೆರಿಕೋಸೀಲ್ (ವೃಷಣದ ರಕ್ತನಾಳ ಊದಿಕೊಳ್ಳುವುದು) ಇದ್ದವರಿಗೆ ಬೇಕು.

ವೃಷಣಕ್ಕೆ ದೇಹಕ್ಕಿಂತ 2ರಿಂದ 4 ಡಿಗ್ರಿ ತಂಪು ಬೇಕು. ಮಂಡಕ್ಕಿ ಭಟ್ಟಿಯ ಮುಂದೆ, ಬೆಣ್ಣೆ ದೋಸೆ ಒಲೆಯ ಮುಂದೆ, ಹೆದ್ದಾರಿಯ ಲಾರಿ ಕ್ಯಾಬಿನ್‌ನಲ್ಲಿ ದಿನವಿಡೀ ದುಡಿಯುವವರು ಇದನ್ನು ಡಾಕ್ಟರಿಗೆ ತಾವಾಗೇ ಹೇಳಬೇಕು, ಅವರು ಕೇಳದಿದ್ದರೂ. ಮಾಸ್ಕ್, ಗ್ಲೌಸ್ ಇಲ್ಲದೆ ತೋಟಕ್ಕೆ, ಈರುಳ್ಳಿ ಹೊಲಕ್ಕೆ ಔಷಧಿ ಹೊಡೆಯುವವರೂ ಹೇಳಬೇಕು. ಬೀಡಿ, ಸಿಗರೇಟು, ಗುಟ್ಕಾ, ಹತೋಟಿಯಿಲ್ಲದ ಶುಗರ್ ಇವೆಲ್ಲ ಡಿಎನ್‌ಎ ಹಾನಿಗೆ ಸೇರಿಕೊಳ್ಳುತ್ತವೆ. ವೆರಿಕೋಸೀಲ್ ಹೆಚ್ಚಾಗಿ ಎಡಗಡೆ. ನಿಲ್ಲಿಸಿ ಕೈಯಲ್ಲಿ ಮುಟ್ಟಿ ನೋಡಿದರೆ ಗೊತ್ತಾಗುತ್ತದೆ, ರಿಪೋರ್ಟ್ ಹಾಳೆಯಲ್ಲಿ ಗೊತ್ತಾಗುವುದಿಲ್ಲ.

ವೀರ್ಯಾಣುವಿನ ಹಾನಿ ತಗ್ಗಿಸುತ್ತವೆಂದು ತಿಂಗಳಿಗೆ ಸಾವಿರಗಟ್ಟಲೆ ಸುರಿಯುವ ಆಂಟಿಆಕ್ಸಿಡೆಂಟ್ ಮಾತ್ರೆಗಳ ಬಗ್ಗೆ ಎಚ್ಚರವಿರಲಿ. 2020ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪ್ರಯೋಗದಲ್ಲಿ ಫೋಲಿಕ್ ಆಸಿಡ್ ಮತ್ತು ಜಿಂಕ್ ನುಂಗಿದ ಗಂಡಸರ ಮನೆಯಲ್ಲಿ ಹೆರಿಗೆ ಹೆಚ್ಚಲಿಲ್ಲ, ಡಿಎನ್‌ಎ ಹಾನಿಯೇ ತುಸು ಹೆಚ್ಚಿತ್ತು.

ವೀರ್ಯಾಣು ತಯಾರಾಗಲು ಸುಮಾರು 74 ದಿನ, ಹೊರಬರಲು ಇನ್ನೊಂದಿಷ್ಟು ದಿನ ಬೇಕು. ಆದ್ದರಿಂದ ಗುಟ್ಕಾ ಬಿಟ್ಟರೂ, ವೆರಿಕೋಸೀಲ್ ಆಪರೇಷನ್ ಆದರೂ, ಫಲ ನೋಡುವುದು ಮೂರು ತಿಂಗಳ ಮೇಲೆಯೇ. ಹೆಂಡತಿಗೆ ಮೂವತ್ತರ ಒಳಗಿದ್ದರೆ ಕಾಯಿರಿ. 38 ದಾಟಿದ್ದರೆ ಗಂಡನ ಚಿಕಿತ್ಸೆ ಮುಗಿಯುವ ತನಕ ಕೂರಬೇಡಿ. ಸ್ಯಾಂಪಲ್ ಅಂತರವನ್ನು ಒಂದು ದಿನಕ್ಕೆ ಇಳಿಸುವುದು, ಡಿಎಫ್‌ಐ ತೀರಾ ಹೆಚ್ಚಿದ್ದರೆ ವೃಷಣದಿಂದಲೇ ವೀರ್ಯಾಣು ತೆಗೆದು ಇಕ್ಸಿ ಮಾಡುವುದು, ಈ ಎರಡನ್ನೂ ಡಾಕ್ಟರ ಹತ್ತಿರ ನೇರವಾಗಿ ಕೇಳಿ, ಮುಂದಿನ ಐವಿಎಫ್‌ನ ಇಂಜೆಕ್ಷನ್ ಶುರುವಾಗುವ ಮೊದಲೇ.