ಬೆಲುಂ ಗುಹೆಯಲ್ಲಿ ಗೈಡಿನ ಹಿಂದೆ

ಆಂಧ್ರದ ನಂದ್ಯಾಲ ಜಿಲ್ಲೆಯ ಬೆಲುಂ ಗುಹೆಗಳನ್ನು ನೋಡಲು ಬೆಂಗಳೂರಿನಿಂದ ವಾರಾಂತ್ಯದಲ್ಲಿ ಹೊರಡುವವರು ಕಡಿಮೆಯೇನಲ್ಲ. ಬಟಾಬಯಲಿನ ನಡುವೆ ಬಾಯ್ದೆರೆದ ಹೊಂಡದ ಮೆಟ್ಟಿಲುಗಳನ್ನು ಇಳಿಯುವಾಗ ಬಿಸಿಲಿನ ಜೊತೆಗೆ ನಮ್ಮ ಸ್ವಂತ ಬುದ್ಧಿಯೂ ಮೇಲೆಯೇ ಉಳಿದುಬಿಡುತ್ತದೆ. ಅಲ್ಲಿಂದ ಮುಂದೆ ಗೈಡ್ ತೋರಿಸಿದ್ದೇ ನೋಟ, ಹೇಳಿದ್ದೇ ಪುರಾಣ.

ಆತ ಟಾರ್ಚಿನ ಬೆಳಕನ್ನು ಕಮಾನಿನ ಮೇಲೆ ಆಡಿಸಿ “ಸಿಂಹದ್ವಾರ ಸಾರ್” ಎನ್ನುವವರೆಗೆ ಅದು ಬರೀ ಕಲ್ಲಾಗಿರುತ್ತದೆ. ಎಂದ ಬಳಿಕ ಎಷ್ಟು ಹೆಣಗಿದರೂ ಅದನ್ನು ಮತ್ತೆ ಕಲ್ಲಾಗಿ ಕಾಣಲಾಗುವುದಿಲ್ಲ. ನಮ್ಮ ಗುಂಪಿನ ಹಿರಿಯರೊಬ್ಬರಿಗೆ ಮಾತ್ರ ಸಿಂಹ ದರ್ಶನವಾಗಲಿಲ್ಲ. “ಈ ಕಡೆ ಬನ್ನಿ ಸಾರ್, ಇದು ಮೂಗು, ಇದು ಜೂಲು” ಎಂದು ಗೈಡ್ ಬಿಡಿಸಿ ಹೇಳುತ್ತಿದ್ದಂತೆ ಹಿಂದಿನ ಸಾಲು ಬೆಳೆಯಿತು, ಹಿರಿಯರು “ಹಾಂ, ಕಾಣಿಸ್ತು” ಎಂದು ಮುಂದೆ ಸರಿದರು. ನೂಕುನುಗ್ಗಲಿನ ಗರ್ಭಗುಡಿಯೆದುರು ನಾವೆಲ್ಲ ಹೇಳುವ ಸುಳ್ಳೂ ಇದೇ ಜಾತಿಯದು.

ಅಂಕಿಸಂಖ್ಯೆಗಳನ್ನು ಗೈಡ್ ಒಂದೇ ಉಸಿರಿನಲ್ಲಿ ಒಪ್ಪಿಸಿಬಿಡುತ್ತಾನೆ: ಒಟ್ಟು ಉದ್ದ 3,229 ಮೀಟರ್, ಜನರಿಗೆ ತೆರೆದಿರುವುದು ಸುಮಾರು ಒಂದೂವರೆ ಕಿಲೋಮೀಟರ್. 1884ರಲ್ಲಿ ಈ ಗುಹೆಯನ್ನು ದಾಖಲಿಸಿದ ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ನಮ್ಮ ಬಳ್ಳಾರಿ ಜಿಲ್ಲೆಯ ಭೂವಿಜ್ಞಾನವನ್ನೂ ಬರೆದವನು ಎಂಬುದು ಆ ಪಾಠದಲ್ಲಿಲ್ಲ. ಇಂಗಾಲದ ಡೈಆಕ್ಸೈಡನ್ನು ಹೀರಿ ತುಸು ಹುಳಿಯಾದ ನೀರು ಸುಣ್ಣಕಲ್ಲನ್ನು ಕರಗಿಸುತ್ತ ಈ ಓಣಿಗಳನ್ನೆಲ್ಲ ಕೊರೆಯಿತೆಂಬ ಸಂಗತಿಯೂ ಇಲ್ಲ. ಆತನನ್ನು ದೂರುವಂತಿಲ್ಲ, ಕೋಟಿಲಿಂಗಗಳೆಂದು ಕರೆಯುವ ಲಿಂಗಾಕಾರದ ಕಲ್ಲುಗಳ ಮುಂದೆ ಕೈಮುಗಿಯುವವರಿಗೆ ರಸಾಯನಶಾಸ್ತ್ರ ಹೇಳಿ ಭಕ್ಷೀಸು ಪಡೆದ ಗೈಡ್ ಎಲ್ಲಿಯೂ ಇರಲಾರ. ಸಪ್ತಸ್ವರ ಗುಹೆಯಲ್ಲಿ ನಾದ ಕೇಳಿಸಲೆಂದು ಇಳಿಬಿದ್ದ ಕಲ್ಲುಗಳನ್ನು ತಟ್ಟುವುದಷ್ಟೇ ನನಗೆ ಒಪ್ಪಿಗೆಯಾಗಲಿಲ್ಲ. ಹನಿಹನಿಯಾಗಿ ಸಾವಿರಾರು ವರ್ಷ ಬೆಳೆದದ್ದನ್ನು ದಿನವಿಡೀ ತಟ್ಟಿಸಿಕೊಳ್ಳಬೇಕೇ?

ಒಳಗಿನ ಸೆಕೆ ಹೇಳತೀರದು. ಮೇಲಿನಿಂದ ಗಾಳಿ ಊದುವ ಕೊಳವೆಯ ಕೆಳಗೆ ಜನ ಮುಖವೆತ್ತಿ, ಕಣ್ಮುಚ್ಚಿ ನಿಂತ ಭಂಗಿಯ ಭಕ್ತಿ ಯಾವ ಲಿಂಗದ ಮುಂದೆಯೂ ಕಾಣಲಿಲ್ಲ.

ಗುಹೆಯ ಆಳದಲ್ಲಿರುವ ತೊರೆ ಪಾತಾಳಗಂಗೆಗೆ ಇಳಿಯುವ ದಾರಿಯ ಪಕ್ಕದ ಗೋಡೆಯಲ್ಲಿ ನೀರು ಸವೆಸಿದ ಅಲೆಅಲೆಯಾದ ಗೀರುಗಳಿದ್ದವು, ಒಂದರ ಮೇಲೊಂದು, ಬೆರಳಿಟ್ಟರೆ ನುಣ್ಣಗೆ ಜಾರುವಂತೆ. ಅದುವರೆಗೆ ನೋಡಿದ್ದೆಲ್ಲದಕ್ಕಿಂತ ಚೆಲುವಾಗಿ ಕಂಡದ್ದರಿಂದ ಇದೇನೆಂದು ಗೈಡನ್ನು ಕೇಳಿದೆ. ಆತ ಟಾರ್ಚನ್ನು ಅತ್ತ ತಿರುಗಿಸಲೂ ಇಲ್ಲ.

“ಅದೇನಿಲ್ಲ ಸಾರ್, ಬರೀ ಕಲ್ಲು. ತಲೆ ಬಗ್ಗಿಸಿ ಬನ್ನಿ.”